ಒಳಪೆಟ್ಟು: ಕಿಡ್ನಿಗೆ ಏಟಾದರೆ ತಿಳಿಯುವುದು ಹೇಗೆ?

ಕೈಗೆ ಕುಡಗೋಲು ತಾಗಿದರೆ ರಕ್ತ ಕಾಣುತ್ತದೆ. ಕಾಲು ಮುರಿದರೆ ನಿಲ್ಲಲು ಆಗುವುದಿಲ್ಲ. ಆದರೆ ಹೊಟ್ಟೆಯ ಒಳಗೆ ಏಟಾದರೆ? ಹೊರಗೆ ಏನೂ ಕಾಣದೇ ಇರಬಹುದು. ಮೈಮೇಲೆ ಒಂದು ಗೀರು ಕೂಡ ಇರದೇ ಇರಬಹುದು. ಇದನ್ನೇ ನಾವು ಒಳಪೆಟ್ಟು ಅನ್ನುತ್ತೇವೆ.

“ಏನೂ ಆಗಿಲ್ರಿ, ಬರೇ ಟೊಂಕ ನೋಯ್ಲಾಕತ್ತದ” ಎಂದು ಬಿದ್ದವರು ಹೇಳುತ್ತಾರೆ. ಮನೆಯವರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಅರಿಶಿನ ಹಾಕಿದ ಹಾಲು ಕೊಟ್ಟು ಮಲಗಿಸುತ್ತಾರೆ. ಬಹಳ ಸಲ ಅದು ಬರೀ ಟೊಂಕದ ನೋವೇ ಆಗಿರುತ್ತದೆ. ಆದರೆ ಕೆಲವು ಸಲ ಅದು ಕಿಡ್ನಿಗೆ ಆದ ಏಟಾಗಿರುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯುವುದು ಹೇಗೆ? ಅದನ್ನು ಈ ಪಾಠದಲ್ಲಿ ನೋಡೋಣ.

ಈ ವಿಷಯ ನಮ್ಮ ಕಡೆಯವರಿಗೆ ಬೇಕಾದದ್ದು. ಜಹೀರಾಬಾದಿನ ಮೇಲೆ ಹೈದರಾಬಾದ್–ಪುಣೆ ಹೆದ್ದಾರಿ ಹೋಗುತ್ತದೆ. ಸುತ್ತ ಕಬ್ಬಿನ ಹೊಲಗಳಿವೆ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡುತ್ತವೆ. ತಾಂಡೂರಿನಲ್ಲಿ ಹಾಸುಕಲ್ಲಿನ ಗಣಿಗಳಿವೆ. ನಾರಾಯಣಖೇಡದ ಕಡೆ ಎತ್ತು, ಬಾವಿ, ಹೊಲದ ಕೆಲಸ. ಬೀಳುವುದು, ಏಟು ತಿನ್ನುವುದು ಇಲ್ಲಿ ಹೊಸದಲ್ಲ.

ಕಿಡ್ನಿ ಎಲ್ಲಿದೆ?

ನಿಮ್ಮ ಎರಡೂ ಕೈಗಳನ್ನು ಬೆನ್ನಿನ ಹಿಂದೆ ಇಡಿ. ಕೊನೆಯ ಪಕ್ಕೆಲುಬು ಮುಟ್ಟಿ ನೋಡಿ. ಅದರ ಒಳಬದಿಯಲ್ಲಿ, ಬೆನ್ನುಮೂಳೆಯ ಎಡಕ್ಕೆ ಒಂದು, ಬಲಕ್ಕೆ ಒಂದು ಕಿಡ್ನಿ ಇದೆ. ಕನ್ನಡದಲ್ಲಿ ಇದಕ್ಕೆ ಮೂತ್ರಪಿಂಡ ಎನ್ನುತ್ತಾರೆ. ಉರ್ದುವಿನಲ್ಲಿ ಗುರ್ದಾ ಎನ್ನುತ್ತಾರೆ. ಆಕಾರ ಅವರೆಕಾಳಿನಂತೆ. ಗಾತ್ರ ನಿಮ್ಮ ಮುಷ್ಟಿಯಷ್ಟು.

ಕಿಡ್ನಿಯ ಕೆಲಸ ರಕ್ತ ಸೋಸುವುದು. ಒಂದು ನಿಮಿಷಕ್ಕೆ ಸುಮಾರು 1 ಲೀಟರ್ ರಕ್ತ ಎರಡೂ ಕಿಡ್ನಿಗಳ ಮೂಲಕ ಹಾದುಹೋಗುತ್ತದೆ. ಬೇಡವಾದ ಕಸ, ಹೆಚ್ಚಾದ ನೀರು ಮೂತ್ರವಾಗಿ ಹೊರಗೆ ಬರುತ್ತದೆ. ಕಿಡ್ನಿಯಲ್ಲಿ ಇಷ್ಟು ರಕ್ತ ಓಡುವುದರಿಂದಲೇ ಅದಕ್ಕೆ ಏಟಾದರೆ ಒಳಗೊಳಗೇ ಬಹಳ ರಕ್ತ ಹೋಗಬಹುದು.

ಪ್ರತಿ ಕಿಡ್ನಿಯಿಂದ ಒಂದು ಸಣ್ಣ ನಳಿಕೆ ಕೆಳಗೆ ಇಳಿಯುತ್ತದೆ. ಇದು ಮೂತ್ರನಾಳ. ಉದ್ದ ಸುಮಾರು 25ರಿಂದ 30 ಸೆಂಟಿಮೀಟರ್, ಅಂದರೆ ಶಾಲೆಯ ಸ್ಕೇಲಿನಷ್ಟು. ದಪ್ಪ ಮಾತ್ರ ಬಹಳ ಕಡಿಮೆ. ಈ ನಾಳದಲ್ಲಿ ಮೂತ್ರ ಸ್ವಲ್ಪ ಸ್ವಲ್ಪವಾಗಿ ಇಳಿದು ಕೆಳಗಿನ ಮೂತ್ರಚೀಲಕ್ಕೆ ಸೇರುತ್ತದೆ. ಚೀಲ ತುಂಬಿದಾಗ ನಮಗೆ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ.

ಏಟು ಬೀಳುವುದು ಹೇಗೆ?

ಕಿಡ್ನಿಗೆ ಹೊರಗಿನಿಂದ ಏಟು ಬೀಳುವುದು ಹೆಚ್ಚಾಗಿ ಹೀಗೆ:

* ಬೈಕು, ಆಟೋ, ಟ್ರ್ಯಾಕ್ಟರ್ ಅಪಘಾತದಲ್ಲಿ.
* ಮಾಳಿಗೆ, ಮರ, ಗಣಿಯ ಅಂಚು, ಬಾವಿಯ ಕಟ್ಟೆಯಿಂದ ಬಿದ್ದಾಗ.
* ಎತ್ತು ಹಾಯ್ದಾಗ, ಪಕ್ಕೆಗೆ ಒದ್ದಾಗ.
* ಪಕ್ಕೆಯ ಮೇಲೆ ಕಲ್ಲು, ಮರದ ದಿಮ್ಮಿ ಬಿದ್ದಾಗ.
* ಜಗಳದಲ್ಲಿ ಬಡಿಗೆಯ ಏಟು, ಚಾಕುವಿನ ಇರಿತ ಆದಾಗ.
* ಮಕ್ಕಳು ಸೈಕಲ್ಲಿನಿಂದ ಬಿದ್ದು ಹ್ಯಾಂಡಲ್ ಹೊಟ್ಟೆಗೆ ಒತ್ತಿದಾಗ.

ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೈಗೆ ಹೋಲಿಸಿದರೆ ಅವರ ಕಿಡ್ನಿ ದೊಡ್ಡದು. ಅದರ ಸುತ್ತಲಿನ ಕೊಬ್ಬು ಕಡಿಮೆ. ಪಕ್ಕೆಲುಬು ಇನ್ನೂ ಮೆತ್ತಗಿರುತ್ತದೆ. ಆದ್ದರಿಂದ ಸಣ್ಣ ಏಟಿಗೂ ಪೆಟ್ಟಾಗಬಹುದು. ಬೈಗುಳದ ಹೆದರಿಕೆಗೆ ಮಗು ಬಿದ್ದದ್ದನ್ನೇ ಹೇಳದೆ ಇರಬಹುದು. ಬೈಯಬೇಡಿ, ಕೇಳಿ ತಿಳಿಯಿರಿ.

ಲಕ್ಷಣಗಳು ಯಾವುವು?

ಬಿದ್ದ ಮೇಲೆ ಅಥವಾ ಏಟಾದ ಮೇಲೆ ಇವುಗಳಲ್ಲಿ ಒಂದು ಕಂಡರೂ ದವಾಖಾನೆಗೆ ಹೋಗಿ:

1. ಮೂತ್ರ ಕೆಂಪಗೆ, ಗುಲಾಬಿ ಬಣ್ಣಕ್ಕೆ ಅಥವಾ ಚಹಾದ ಬಣ್ಣಕ್ಕೆ ಬರುವುದು.
2. ಒಂದು ಕಡೆಯ ಪಕ್ಕೆ ಅಥವಾ ಟೊಂಕದಲ್ಲಿ ನೋವು ಇರುವುದು, ಅದು ಹೆಚ್ಚುತ್ತಾ ಹೋಗುವುದು.
3. ಪಕ್ಕೆಯ ಚರ್ಮ ಕಪ್ಪು ಅಥವಾ ನೀಲಿ ಆಗುವುದು, ಊದುವುದು.
4. ಹೊಟ್ಟೆ ಬಿಗಿಯಾಗುವುದು, ಉಬ್ಬುವುದು, ವಾಂತಿ ಆಗುವುದು.
5. ಕೆಳಗಿನ ಪಕ್ಕೆಲುಬು ಮುರಿದಂತೆ ನೋಯುವುದು.
6. ಮೂತ್ರ ಬಹಳ ಕಡಿಮೆ ಆಗುವುದು ಅಥವಾ ಬರದೇ ಇರುವುದು.

ಇನ್ನು ಕೆಲವು ಲಕ್ಷಣಗಳು ಬಹಳ ಅಪಾಯದ ಗುರುತು. ಮುಖ ಬಿಳಿಚಿಕೊಳ್ಳುವುದು, ತಣ್ಣನೆಯ ಬೆವರು, ತಲೆ ತಿರುಗುವುದು, ನಾಡಿ ಜೋರಾಗಿ ಓಡುವುದು, ಮಂಪರು. ಇವು ಇದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದು ತಿಳಿಯಿರಿ. ಒಂದು ನಿಮಿಷವೂ ಕಾಯಬೇಡಿ.

ಮೂತ್ರದ ಬಣ್ಣ ಏನು ಹೇಳುತ್ತದೆ?

ಬಿದ್ದವರು ಮೊದಲ ಸಲ ಮೂತ್ರ ಮಾಡಿದಾಗ ಅದರ ಬಣ್ಣ ನೋಡಲೇಬೇಕು. ಬಯಲಿಗೆ ಹೋದರೆ ಬಣ್ಣ ಕಾಣುವುದಿಲ್ಲ. ಮಣ್ಣು ಹೀರಿಕೊಳ್ಳುತ್ತದೆ. ಆದ್ದರಿಂದ ಸ್ವಚ್ಛವಾದ ಗಾಜಿನ ಸೀಸೆ ಅಥವಾ ಬಿಳಿ ಡಬ್ಬಿಯಲ್ಲಿ ಹಿಡಿದು ನೋಡಿ. ಅದನ್ನೇ ದವಾಖಾನೆಗೆ ಒಯ್ಯಿರಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೆಂಪು ಬಂದರೆ ಏಟಾಗಿದೆ ಎಂಬ ಸಂಶಯ ಸರಿ. ಆದರೆ ಕೆಂಪು ಬರಲಿಲ್ಲ ಎಂದರೆ ಏಟಾಗಿಲ್ಲ ಎಂದು ಅರ್ಥವಲ್ಲ.

ಯಾಕೆ? ಎತ್ತರದಿಂದ ಬಿದ್ದಾಗ ಮೈ ಥಟ್ಟನೆ ನಿಲ್ಲುತ್ತದೆ. ಒಳಗಿನ ಕಿಡ್ನಿ ಮಾತ್ರ ಜೋಲಿ ಹೊಡೆಯುತ್ತದೆ. ಆಗ ಕಿಡ್ನಿಗೆ ರಕ್ತ ತರುವ ನಾಳ ಹರಿಯಬಹುದು ಅಥವಾ ಮುಚ್ಚಿಹೋಗಬಹುದು. ಮೂತ್ರನಾಳ ಕಿತ್ತುಬರಬಹುದು. ಕಿತ್ತ ನಾಳದಿಂದ ರಕ್ತ ಮೂತ್ರಚೀಲಕ್ಕೆ ಬರುವುದೇ ಇಲ್ಲ. ಹೀಗಾಗಿ ದೊಡ್ಡ ಏಟಾದರೂ ಮೂತ್ರ ತಿಳಿಯಾಗಿ ಇರಬಹುದು. ಇನ್ನು ಸಣ್ಣ ಏಟಿಗೆ ಮೂತ್ರ ಬಹಳ ಕೆಂಪಾಗಲೂಬಹುದು. ಬಣ್ಣ ನೋಡಿ ಏಟಿನ ಅಳತೆ ಮಾಡಲು ಬರುವುದಿಲ್ಲ.

ಕೆಂಪು ಬಣ್ಣಕ್ಕೆ ಬೇರೆ ಕಾರಣವೂ ಇರುತ್ತದೆ. ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗಬಹುದು. ಟಿ.ಬಿ. ಗುಳಿಗೆ ತಿನ್ನುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ರಕ್ತ ಕೂಡಿರಬಹುದು. ಇವುಗಳನ್ನು ಡಾಕ್ಟರಿಗೆ ಹೇಳಿ. ನೀವೇ ತೀರ್ಮಾನ ಮಾಡಬೇಡಿ.

ಕೂಡಲೇ ಏನು ಮಾಡಬೇಕು?

* 108ಕ್ಕೆ ಫೋನ್ ಮಾಡಿ. 2005ರಲ್ಲಿ ಆಗಿನ ಆಂಧ್ರಪ್ರದೇಶದಲ್ಲಿ ಶುರುವಾದ ಈ ಅಂಬ್ಯುಲೆನ್ಸ್ ಸೇವೆ ಉಚಿತ.
* ಗಾಯಾಳುವನ್ನು ಸಮನಾಗಿ ಮಲಗಿಸಿ. ಮೈ ತಣ್ಣಗಾಗದಂತೆ ಬಟ್ಟೆ ಹೊದಿಸಿ.
* ಚಾಕು, ಕಬ್ಬಿಣದ ಸರಳು ಮೈಯಲ್ಲಿ ನೆಟ್ಟಿದ್ದರೆ ಕೀಳಬೇಡಿ. ಅಲುಗದಂತೆ ಬಟ್ಟೆ ಕಟ್ಟಿ. ಕಿತ್ತರೆ ರಕ್ತ ಹೆಚ್ಚು ಹೋಗುತ್ತದೆ.
* ಎಣ್ಣೆ ಹಚ್ಚಿ ತಿಕ್ಕಬೇಡಿ. ಬೆನ್ನು ತುಳಿಸಬೇಡಿ.
* ತಿನ್ನಲು, ಕುಡಿಯಲು ಕೊಡಬೇಡಿ. ಆಪರೇಷನ್ ಬೇಕಾಗಬಹುದು.
* ನೋವಿನ ಗುಳಿಗೆ ತಂದು ನುಂಗಿಸಬೇಡಿ. ಊರ ಆರ್‌ಎಂಪಿ ಬಳಿ ನೋವಿನ ಸೂಜಿ ಹಾಕಿಸಿ ಮನೆಗೆ ಬರಬೇಡಿ. ನೋವು ಅಡಗುತ್ತದೆ, ಏಟು ಅಡಗುವುದಿಲ್ಲ. ಕೆಲವು ನೋವಿನ ಔಷಧಗಳು ಕಿಡ್ನಿಗೂ ಕೆಟ್ಟವು.

“ಪೊಲೀಸ್ ಕೇಸ್ ಆಗ್ತದ” ಎಂದು ಹೆದರಿ ಹಿಂದೆ ಸರಿಯಬೇಡಿ. ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ರಸ್ತೆ ಅಪಘಾತದಲ್ಲಿ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಕಾನೂನು ರಕ್ಷಣೆ ಕೊಟ್ಟಿದೆ.

ಡಾಕ್ಟರು ಏನು ನೋಡುತ್ತಾರೆ?

ಮೊದಲು ನಾಡಿ, ಉಸಿರು, ಬಿ.ಪಿ. ನೋಡುತ್ತಾರೆ. ಹೊಟ್ಟೆ, ಪಕ್ಕೆ ಮುಟ್ಟಿ ನೋಡುತ್ತಾರೆ. ಆಮೇಲೆ ಪರೀಕ್ಷೆಗಳು.

ಮೂತ್ರ ಪರೀಕ್ಷೆ: ಕಣ್ಣಿಗೆ ಕಾಣದ ರಕ್ತವೂ ಇದರಲ್ಲಿ ಗೊತ್ತಾಗುತ್ತದೆ.

ರಕ್ತ ಪರೀಕ್ಷೆ: ಮೈಯಲ್ಲಿ ರಕ್ತ ಎಷ್ಟು ಉಳಿದಿದೆ, ರಕ್ತದ ಗುಂಪು ಯಾವುದು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುತ್ತಾರೆ. ಕಿಡ್ನಿಯ ಕೆಲಸ ತಿಳಿಸುವ ಪರೀಕ್ಷೆಯ ಹೆಸರು ಕ್ರಿಯಾಟಿನಿನ್.

ಹೊಟ್ಟೆಯ ಸ್ಕ್ಯಾನ್: ಬಸುರಿಯರಿಗೆ ಮಾಡುವಂಥದ್ದೇ ಸ್ಕ್ಯಾನ್. ಹೊಟ್ಟೆಯ ಒಳಗೆ ರಕ್ತ ನಿಂತಿದ್ದರೆ ಬೇಗ ಕಾಣುತ್ತದೆ. ಆದರೆ ಕಿಡ್ನಿಯ ಎಲ್ಲ ಏಟೂ ಇದರಲ್ಲಿ ಕಾಣುವುದಿಲ್ಲ. “ಸ್ಕ್ಯಾನ್ ಚಲೋ ಅದ” ಎಂದರೂ ನೋವು ಹೆಚ್ಚಾದರೆ ಮತ್ತೆ ಹೋಗಿ.

ಸಿ.ಟಿ. ಸ್ಕ್ಯಾನ್: ಕಿಡ್ನಿಯ ಏಟು ತಿಳಿಯಲು ಇದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಕೈಯ ನರಕ್ಕೆ ಒಂದು ಔಷಧ ಕೊಡುತ್ತಾರೆ. ಆಗ ಮೈ ಸ್ವಲ್ಪ ಬಿಸಿ ಅನಿಸಬಹುದು. ಔಷಧ ರಕ್ತದ ಜೊತೆ ಕಿಡ್ನಿಗೆ ಹೋಗುತ್ತದೆ. ಕಿಡ್ನಿ ಎಲ್ಲಿ ಸೀಳಿದೆ, ರಕ್ತ ಎಲ್ಲಿ ಸೋರುತ್ತಿದೆ ಎಂದು ಚಿತ್ರದಲ್ಲಿ ಕಾಣುತ್ತದೆ. ಸುಮಾರು 10 ನಿಮಿಷ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ಔಷಧ ಮೂತ್ರನಾಳಕ್ಕೆ ಇಳಿದಿರುತ್ತದೆ. ನಾಳ ಹರಿದಿದ್ದರೆ ಔಷಧ ಹೊರಗೆ ಚೆಲ್ಲಿದ್ದು ಕಾಣುತ್ತದೆ. ಈ ಎರಡನೆಯ ಚಿತ್ರ ತೆಗೆಯದಿದ್ದರೆ ನಾಳದ ಏಟು ತಪ್ಪಿಹೋಗಬಹುದು. ಅದಕ್ಕೇ “ಇನ್ನೊಮ್ಮೆ ಯಾಕೆ?” ಎಂದು ಬೇಸರ ಮಾಡಬೇಡಿ.

ಬಸುರಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೊದಲೇ ಕಿಡ್ನಿ ತೊಂದರೆ ಇದ್ದರೆ, ಯಾವುದಾದರೂ ಔಷಧ ಮೈಗೆ ಆಗದಿದ್ದರೆ ಸಿ.ಟಿ.ಗೆ ಮೊದಲೇ ಹೇಳಿ.

ಗಾಯಾಳುವಿನ ಬಿ.ಪಿ. ಬಹಳ ಇಳಿದಿದ್ದರೆ ಡಾಕ್ಟರು ಸಿ.ಟಿ.ಗೆ ಕಾಯದೆ ಆಪರೇಷನ್ ಮಾಡಬೇಕಾಗಬಹುದು. ಆಗ ಜೀವ ಉಳಿಸುವುದೇ ಮೊದಲ ಕೆಲಸ.

ಡಾಕ್ಟರು ಕಿಡ್ನಿಯ ಏಟನ್ನು 1ರಿಂದ 5ರವರೆಗೆ ಎಣಿಸುತ್ತಾರೆ. 1 ಎಂದರೆ ಬರೀ ಜಜ್ಜಿದೆ. 5 ಎಂದರೆ ಕಿಡ್ನಿ ಒಡೆದು ಹೋಗಿದೆ ಅಥವಾ ಅದರ ರಕ್ತನಾಳ ಹರಿದಿದೆ. ಇರಿತವಿಲ್ಲದ ಏಟುಗಳಲ್ಲಿ ಹೆಚ್ಚಿನವು ಆಪರೇಷನ್ ಇಲ್ಲದೆ ಗುಣವಾಗುತ್ತವೆ. ಹಾಸಿಗೆಯಲ್ಲಿ ವಿಶ್ರಾಂತಿ, ಮತ್ತೆ ಮತ್ತೆ ಪರೀಕ್ಷೆ, ಇಷ್ಟೇ ಸಾಕಾಗಬಹುದು. ಆದರೆ ದವಾಖಾನೆಯಲ್ಲಿ ಇರಬೇಕು. ಮನೆಗೆ ಬಂದ ಮೇಲೂ ಡಾಕ್ಟರು ಹೇಳುವ ತನಕ ಮೂಟೆ ಹೊರಬೇಡಿ, ಬೈಕು ಓಡಿಸಬೇಡಿ. ಆಗಾಗ ಬಿ.ಪಿ. ತೋರಿಸಿ. ಕಿಡ್ನಿಗೆ ಏಟಾದವರಲ್ಲಿ ಕೆಲವರಿಗೆ ಮುಂದೆ ಬಿ.ಪಿ. ಏರುತ್ತದೆ.

ಮೂತ್ರನಾಳದ ಗಾಯ: ಹೆಣ್ಣುಮಕ್ಕಳು ಓದಲೇಬೇಕು

ಮೂತ್ರನಾಳ ಹೊಟ್ಟೆಯ ಆಳದಲ್ಲಿದೆ. ಬಿದ್ದಾಗ ಅದಕ್ಕೆ ಗಾಯವಾಗುವುದು ಬಹಳ ಕಡಿಮೆ. ಅದಕ್ಕೆ ಗಾಯವಾಗುವುದು ಹೆಚ್ಚಾಗಿ ಹೊಟ್ಟೆಯ ಆಪರೇಷನ್ನಿನಲ್ಲಿ. ಅದರಲ್ಲೂ ಗರ್ಭಚೀಲ ತೆಗೆಯುವ ಆಪರೇಷನ್ನಿನಲ್ಲಿ.

ಯಾಕೆಂದರೆ ಗರ್ಭಚೀಲಕ್ಕೆ ರಕ್ತ ತರುವ ನಾಳದ ಕೆಳಗೇ ಮೂತ್ರನಾಳ ಹಾದುಹೋಗುತ್ತದೆ. ಗರ್ಭಚೀಲದ ಬಾಯಿಗೂ ಅದಕ್ಕೂ ಒಂದು ಬೆರಳಿನ ಅಗಲದಷ್ಟೇ ಅಂತರ. ರಕ್ತ ನಿಲ್ಲಿಸಲು ದಾರ ಕಟ್ಟುವಾಗ ಮೂತ್ರನಾಳಕ್ಕೂ ದಾರ ಸುತ್ತಿಕೊಳ್ಳಬಹುದು ಅಥವಾ ಕತ್ತರಿ ತಾಗಬಹುದು. ಇದು ಅಪರೂಪ. ಆದರೆ ಅನುಭವಿ ಡಾಕ್ಟರ ಕೈಯಲ್ಲೂ ಆಗುತ್ತದೆ.

ಈ ಮಾತು ನಮ್ಮ ರಾಜ್ಯಕ್ಕೆ ಮುಖ್ಯ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನ ಪ್ರತಿ 100 ಹೆಣ್ಣುಮಕ್ಕಳಲ್ಲಿ, ದೇಶದ ಲೆಕ್ಕದಲ್ಲಿ ಸುಮಾರು 3 ಮಂದಿಗೆ ಗರ್ಭಚೀಲ ತೆಗೆದಿದ್ದರು. ತೆಲಂಗಾಣದಲ್ಲಿ ಸುಮಾರು 8 ಮಂದಿಗೆ. ಬಿಳಿ ಹೋಗುವುದು, ಟೊಂಕ ನೋವು ಎಂದ ಮಾತ್ರಕ್ಕೆ ಗರ್ಭಚೀಲ ತೆಗೆಸಬೇಕಾಗಿಲ್ಲ. ತೆಗೆಸಲು ಹೇಳಿದರೆ “ಗುಳಿಗೆಯಿಂದ ಆಗುವುದಿಲ್ಲವೇ?” ಎಂದು ಕೇಳಿ. ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಕೇಳುವುದು ನಿಮ್ಮ ಹಕ್ಕು.

ಆಪರೇಷನ್ ಆದ ಮೇಲೆ ಈ ಗುರುತುಗಳನ್ನು ನೋಡಿ:

* ಒಂದು ಪಕ್ಕೆಯಲ್ಲಿ ಬಿಡದ ನೋವು, ಜ್ವರ, ಚಳಿ.
* ಹೊಟ್ಟೆ ಉಬ್ಬುವುದು, ವಾಂತಿ.
* ಹೊಲಿಗೆಯಿಂದ ಅಥವಾ ಹೊಟ್ಟೆಗೆ ಇಟ್ಟ ಪೈಪಿನಿಂದ ನೀರಿನಂಥದ್ದು ಬಹಳ ಬರುವುದು.
* ಯೋನಿಯಿಂದ ಹಗಲು ರಾತ್ರಿ ಹನಿ ಹನಿ ಸೋರುವುದು. ನೀವು ಎಂದಿನಂತೆ ಮೂತ್ರಕ್ಕೆ ಹೋಗುತ್ತೀರಿ, ಆದರೂ ಸೀರೆ ಒದ್ದೆಯಾಗುತ್ತದೆ.
* ಮೂತ್ರ ಬಹಳ ಕಡಿಮೆಯಾಗುವುದು, ನಿಂತೇಹೋಗುವುದು.

ಇವು ಆಪರೇಷನ್ ದಿನವೇ ಕಾಣಬೇಕೆಂದಿಲ್ಲ. ಮನೆಗೆ ಬಂದ ಮೇಲೆ, ಒಂದೆರಡು ವಾರ ಬಿಟ್ಟು ಕೂಡ ಕಾಣಬಹುದು. ಇಲ್ಲಿ ಮೂತ್ರ ಕೆಂಪಾಗದೇ ಇರುವುದೇ ಹೆಚ್ಚು. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಆ ಕಡೆಯ ಕಿಡ್ನಿ ಮಾತ್ರ ಸದ್ದಿಲ್ಲದೆ ಊದಿ ಕೆಡುತ್ತದೆ.

ಸೋರುವುದನ್ನು ಹೇಳಲು ಹೆಣ್ಣುಮಕ್ಕಳು ನಾಚಿಕೊಳ್ಳುತ್ತಾರೆ. ಬಟ್ಟೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ವಾಸನೆ ಬರುತ್ತದೆಂದು ಮದುವೆ ಮುಂಜಿಗೆ ಹೋಗುವುದಿಲ್ಲ. ಅತ್ತೆ, ಅಕ್ಕ, ನಾದಿನಿ, ಯಾರಾದರೂ ಹೀಗೆ ಮೂಲೆ ಹಿಡಿದಿದ್ದರೆ ಮೆಲ್ಲಗೆ ಕೇಳಿ. ಇದು ಯಾರ ಪಾಪದ ಫಲವೂ ಅಲ್ಲ. ಇದು ಗಾಯ. ಗಾಯಕ್ಕೆ ಮದ್ದಿದೆ.

ಡಾಕ್ಟರು ಸೋರುವ ನೀರನ್ನು ಪರೀಕ್ಷೆಗೆ ಕಳಿಸುತ್ತಾರೆ. ಅದರಲ್ಲಿ ಕ್ರಿಯಾಟಿನಿನ್ ಬಹಳ ಇದ್ದರೆ ಅದು ಮೂತ್ರವೇ. ಸ್ಕ್ಯಾನಿನಲ್ಲಿ ಕಿಡ್ನಿ ಊದಿದೆಯೇ ಎಂದು ನೋಡುತ್ತಾರೆ. ಸಿ.ಟಿ.ಯಲ್ಲಿ ನಾಳ ಎಲ್ಲಿ ಹರಿದಿದೆ, ಎಲ್ಲಿ ಕಟ್ಟಿದೆ ಎಂದು ಕಂಡುಹಿಡಿಯುತ್ತಾರೆ. ಮೂತ್ರದ ದಾರಿಯಿಂದ ಸಣ್ಣ ದುರ್ಬೀನು ಹಾಕಿ, ನಾಳಕ್ಕೆ ಕೆಳಗಿನಿಂದ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುವುದೂ ಉಂಟು.

ಗಾಯ ಸಣ್ಣದಿದ್ದರೆ ನಾಳದೊಳಗೆ ಸ್ಟೆಂಟ್ ಎಂಬ ತೆಳು ಪೈಪು ಇಡುತ್ತಾರೆ. ದೊಡ್ಡದಿದ್ದರೆ ಆಪರೇಷನ್ ಮಾಡಿ ನಾಳವನ್ನು ಜೋಡಿಸುತ್ತಾರೆ. ಸ್ಟೆಂಟ್ ಇಟ್ಟರೆ ಒಂದು ಮಾತು ಮರೆಯಬೇಡಿ. ಅದನ್ನು ಡಾಕ್ಟರು ಹೇಳಿದ ದಿನ ತೆಗೆಸಲೇಬೇಕು. ಮರೆತರೆ ಅದರ ಮೇಲೆ ಕಲ್ಲು ಕಟ್ಟಿ ಕಿಡ್ನಿಯೇ ಕೆಡಬಹುದು. ತೆಗೆಸುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಒಂದು ಕಿಡ್ನಿ ಹೋದರೆ?

ಜರ್ಮನಿಯ ಹೈಡೆಲ್‌ಬರ್ಗ್ ಎಂಬ ಊರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಹೊಟ್ಟೆಯ ಆಪರೇಷನ್ನಿನಲ್ಲಿ ಅವಳ ಎಡ ಮೂತ್ರನಾಳಕ್ಕೆ ಗಾಯವಾಗಿತ್ತು. ಮೂತ್ರ ಸದಾ ಸೋರುತ್ತಿತ್ತು. ಆ ಕಾಲದಲ್ಲಿ ನಾಳ ಸರಿಪಡಿಸಲು ಆಗಲಿಲ್ಲ. ಗುಸ್ತಾವ್ ಸೈಮನ್ ಎಂಬ ಡಾಕ್ಟರು 1869ರ ಆಗಸ್ಟ್ 2ರಂದು ಅವಳ ಆ ಕಡೆಯ ಕಿಡ್ನಿಯನ್ನೇ ತೆಗೆದರು. ಒಂದೇ ಕಿಡ್ನಿಯಿಂದ ಮನುಷ್ಯರು ಬದುಕುವರೋ ಇಲ್ಲವೋ ಎಂದು ಆಗ ಯಾರಿಗೂ ಗಟ್ಟಿಯಾಗಿ ಗೊತ್ತಿರಲಿಲ್ಲ. ಅವಳು ಬದುಕಿದಳು.

ಅಂದಿನಿಂದ ಜಗತ್ತಿಗೆ ತಿಳಿಯಿತು: ಒಂದು ಕಿಡ್ನಿ ಚೆನ್ನಾಗಿದ್ದರೆ ಸಾಕು. ಇಂದು ಅಂಥ ಗಾಯಕ್ಕೆ ಕಿಡ್ನಿ ತೆಗೆಯುವ ಅಗತ್ಯ ಬಹಳ ಸಲ ಬರುವುದಿಲ್ಲ. ಬೇಗ ತಿಳಿದರೆ ನಾಳ ಉಳಿಯುತ್ತದೆ, ಕಿಡ್ನಿಯೂ ಉಳಿಯುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರಕಾರಿ ದವಾಖಾನೆಗೆ ಹೋಗಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆ ದೊಡ್ಡ ಸರಕಾರಿ ದವಾಖಾನೆ ಇದೆ. ಅಲ್ಲಿ ಬಿ.ಪಿ. ಸರಿಮಾಡಿ, ಬೇಕಾದರೆ ಮುಂದಕ್ಕೆ ಕಳಿಸುತ್ತಾರೆ. ಹೈದರಾಬಾದಿನ ಉಸ್ಮಾನಿಯಾ, ಗಾಂಧಿ, ನಿಮ್ಸ್ ಆಸ್ಪತ್ರೆಗಳಲ್ಲಿ ಕಿಡ್ನಿ ಮತ್ತು ಮೂತ್ರನಾಳದ ಆಪರೇಷನ್ ಡಾಕ್ಟರಿದ್ದಾರೆ. ಗಡಿ ದಾಟಿದರೆ ಬೀದರಿನಲ್ಲಿ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ.

ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು 2023ರ ಡಿಸೆಂಬರಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿಸಿದರು. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ದವಾಖಾನೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ. ಬೀದರಿಗೆ ಹೋಗುವವರು ಯೋಜನೆ ಅಲ್ಲಿ ನಡೆಯುವುದೇ ಎಂದು ಮೊದಲೇ ಕೇಳಿಕೊಳ್ಳಿ.

ದವಾಖಾನೆಯಲ್ಲಿ ಕನ್ನಡ ತಿಳಿಯದ ಡಾಕ್ಟರು ಇರಬಹುದು. ಈ ಮಾತು ಕಲಿತಿಡಿ:

ಕನ್ನಡ: ಮೂತ್ರದಲ್ಲಿ ರಕ್ತ ಬರುತ್ತಿದೆ.
ತೆಲುಗು: ಮೂತ್ರಂಲೋ ರಕ್ತಂ ವಸ್ತೋಂದಿ.
ಹಿಂದಿ, ಉರ್ದು: ಪೇಶಾಬ್ ಮೇ ಖೂನ್ ಆ ರಹಾ ಹೈ.

ಒಂದು ಚೀಟಿ ಬರೆಯಿರಿ

ಈಗ ನಿಮಗೆ ಬರೆಯಲು ಬರುತ್ತದೆ. ಆ ಅಕ್ಷರ ಇಲ್ಲಿ ಜೀವ ಉಳಿಸುತ್ತದೆ. ಗಾಯಾಳುವಿಗೆ ಎಚ್ಚರ ತಪ್ಪಿದರೂ ಚೀಟಿ ಮಾತಾಡುತ್ತದೆ. ಇಷ್ಟು ಬರೆದರೆ ಸಾಕು:

1. ಏನಾಯಿತು? (ಉದಾಹರಣೆ: ಮಾಳಿಗೆಯಿಂದ ಬಿದ್ದರು, 12 ಅಡಿ)
2. ಎಷ್ಟು ಗಂಟೆಗೆ?
3. ನೋವು ಯಾವ ಕಡೆ? ಎಡ, ಬಲ?
4. ಮೂತ್ರದ ಬಣ್ಣ ಹೇಗಿತ್ತು?
5. ಮೊದಲಿನ ಕಾಯಿಲೆ, ಆಪರೇಷನ್, ತಿನ್ನುವ ಗುಳಿಗೆ ಯಾವುವು?

ನೆನಪಿಡಿ

* ಮೈಮೇಲೆ ಗಾಯ ಇಲ್ಲದಿದ್ದರೂ ಒಳಗೆ ಗಾಯ ಇರಬಹುದು.
* ಮೂತ್ರ ಕೆಂಪಿದ್ದರೆ ಓಡಿ. ಕೆಂಪಿಲ್ಲದಿದ್ದರೂ ನೋವು ಬಿಡದಿದ್ದರೆ ಹೋಗಿ.
* ಆಪರೇಷನ್ ನಂತರ ಸೋರಿದರೆ ನಾಚಿಕೆ ಬಿಟ್ಟು ಹೇಳಿ.
* ದವಾಖಾನೆಯ ಚೀಟಿ, ಸ್ಕ್ಯಾನ್ ಕಾಗದ ಜೋಪಾನ ಮಾಡಿ.

ಓದಿ, ಉತ್ತರ ಹೇಳಿ

1. ನಿಮ್ಮ ಮೈಯಲ್ಲಿ ಕಿಡ್ನಿ ಎಲ್ಲಿದೆ? ಮುಟ್ಟಿ ತೋರಿಸಿ.
2. ಬಿದ್ದವರಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಇನ್ನೂ ಏನೇನು ಮಾಡಬಾರದು?
3. ದೊಡ್ಡ ಏಟಾದರೂ ಮೂತ್ರ ಕೆಂಪಾಗದೇ ಇರಬಹುದು. ಯಾಕೆ?
4. ನಿಮ್ಮ ಓಣಿಯಲ್ಲಿ ಗರ್ಭಚೀಲದ ಆಪರೇಷನ್ ಆದವರಿಗೆ ಈ ಪಾಠ ಓದಿ ಹೇಳಿ. ಅವರು ಏನು ಕೇಳಿದರು? ಎರಡು ಸಾಲು ಬರೆಯಿರಿ.